ಎರಡು ಬೂದು ಬಣ್ಣಗಳ ಮುಂದೆ

ಕೊಟ್ಟೂರಿನ ನಮ್ಮ ಮನೆಗೆ ಬಣ್ಣ ಹೊಡೆಸುವಾಗ, ನಡುಮನೆಯ ಒಂದು ಗೋಡೆಯಾದರೂ ಕಡುಬೂದು ಇರಲಿ ಎಂದು ಮಗಳು ಹಟ ಹಿಡಿದಳು. ಆಗ ಅವಳು ಹರಪನಹಳ್ಳಿಯ ಕಾಲೇಜಿಗೆ ಹೋಗಿಬರುತ್ತಿದ್ದಳು. ಶೇಡ್ ಕಾರ್ಡ್ ನೋಡಿ ಎರಡು ಬಣ್ಣ ಆರಿಸಿದಳು. ಪೇಂಟರ್ ಎರಡನ್ನೂ ಗೋಡೆಯ ಮೇಲೆ ಅಕ್ಕಪಕ್ಕ ರೊಟ್ಟಿಯಗಲ ಬಳಿದು, ಒಣಗಿದ ಮೇಲೆ ಹೇಳಿ ಎಂದು ಊಟಕ್ಕೆ ಹೋದರು.

"ಅವ್ವ, ನೀನ ಹೇಳು. ಬಣ್ಣದ ವಿಷಯ ನಿನಗ ಚಲೋ ತಿಳೀತೈತಿ," ಎಂದಳು ಮಗಳು.

ಅದು ಸುಳ್ಳಲ್ಲ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಸೀರೆಗೆ ಸರಿಯಾಗಿ ಹೊಂದುವ ಫಾಲ್ ಹಚ್ಚಿಕೊಡುತ್ತೇನೆಂದು ಕೂಡ್ಲಿಗಿಯಿಂದಲೂ ಹೆಂಗಸರು ಬರುತ್ತಾರೆ. ಧೂಳು ಬಿದ್ದ ಬಲಗಣ್ಣನ್ನು ಸೆರಗಿನಿಂದ ಒತ್ತಿಕೊಂಡೇ ಗೋಡೆಯ ಮುಂದೆ ನಿಂತೆ. ನನಗೆ ಕಂಡದ್ದು ಒಂದೇ ಬಣ್ಣ.

"ಎರಡೂ ಒಂದ ಅದಾವಲ್ಲ?"

ಮಗಳು ನಕ್ಕಳು. "ತಮಾಷಿ ಮಾಡಬ್ಯಾಡವ್ವ. ಇದರಾಗ ನೀಲಿ ಐತಿ, ಅದರಾಗ ಮಣ್ಣಿನ ಬಣ್ಣ ಐತಿ. ದೂರದಿಂದನೂ ಗೊತ್ತಾಗ್ತೈತಿ."

ನಾನೂ ನಕ್ಕೆ. ಆದರೆ ನನ್ನ ಅವ್ವನ ಸೀರೆಯ ಟ್ರಂಕು ನೆನಪಾಯಿತು.

ತವರೂರು ಚಿಗಟೇರಿಯಲ್ಲಿ ಅವ್ವನಿಗೂ ಹೀಗೇ ಶುರುವಾಗಿತ್ತು. ಟ್ರಂಕಿನಿಂದ ಸೀರೆ ತೆಗೆದು, ಇದು ಕರಿಯದೋ ಕಡುನೀಲಿಯದೋ ಎಂದು ನಮ್ಮನ್ನು ಕೇಳುತ್ತಿದ್ದಳು. ವಯಸ್ಸಾಯಿತು ಎಂದುಕೊಂಡೆವು. ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಕಣ್ಣೊಳಗಿನ ಒತ್ತಡ ನರವನ್ನೇ ತಿಂದುಹಾಕಿತ್ತು. ಕೊನೆಗೆ, ತಾಟಿನಲ್ಲಿ ಪಲ್ಯ ಯಾವ ಕಡೆ ಇದೆ ಎಂದು ಕೇಳಿಕೊಂಡು ಉಣ್ಣುತ್ತಿದ್ದಳು.

ಮಗಳು ಒಳಗೆ ಹೋದ ಮೇಲೆ ಎಡಗಣ್ಣು ಮುಚ್ಚಿ ನೋಡಿದೆ. ಬಲಗಣ್ಣಿಗೆ ಎರಡು ಬಣ್ಣಗಳೂ ಬೇರೆಬೇರೆಯಾಗಿ ಕಂಡವು, ಮಗಳು ಹೇಳಿದಂತೆಯೇ. ಬಲಗಣ್ಣು ಮುಚ್ಚಿದೆ. ಗೋಡೆಯ ಮೇಲೆ ಹೊಗೆ ಕವಿದಂತಿತ್ತು; ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಬೆರಳಿಟ್ಟು ಹುಡುಕಿದೆ. ಸಿಗಲಿಲ್ಲ.

"ಏನ್ ಮಾಡಾಕತ್ತಿ ಅಲ್ಲಿ?" ಊಟಕ್ಕೆ ಬಂದ ನನ್ನವರು ಬಾಗಿಲಲ್ಲೇ ನಿಂತಿದ್ದರು.

"ನನಗ ಒಂದು ಕಣ್ಣಾಗ ಬಣ್ಣ ಕಾಣವಲ್ದುರಿ."

ಅವರು ನನ್ನ ಅವ್ವನನ್ನು ನೋಡಿದ್ದವರು. ಹತ್ತಿರ ಬಂದು, ಕಣ್ಣು ಮುಚ್ಚಿದ್ದ ನನ್ನ ಕೈಯನ್ನು ಕೆಳಗಿಳಿಸಿದರು. ಆಮೇಲೆ, "ನಾಳೀಗೆ ದಾವಣಗೆರಿಗೆ ಹೋಗೂನು. ಬಣ್ಣ ಎಲ್ಲಿ ಓಡಿ ಹೋಗ್ತೈತಿ," ಎಂದರು. ಕೈ ತೊಳೆದರೂ ಊಟಕ್ಕೆ ಕೂರಲಿಲ್ಲ.

ಕಣ್ಣಿನ ಆಸ್ಪತ್ರೆಯಲ್ಲಿ ಒಂದು ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕಿತ್ತು. ಬಲಗಣ್ಣಿನದು ಬೇಗ ಮುಗಿಯಿತು. ಎಡಗಣ್ಣಿನ ಸರದಿ ಬಂದಾಗ ಯಂತ್ರ ಟಕ್ ಟಕ್ ಎನ್ನುತ್ತಲೇ ಇತ್ತು, ಚುಕ್ಕೆ ಮಾತ್ರ ಇಲ್ಲ. ಅಂದರೆ ಬೆಳಕು ಬರುತ್ತಿದೆ, ನನಗೆ ಕಾಣುತ್ತಿಲ್ಲ. ಕಾಣದಿದ್ದರೂ ಒತ್ತಿಬಿಡಲೇ ಎನ್ನಿಸಿತು. ಒತ್ತಲಿಲ್ಲ.

"ಹೋಗಿರೋ ನೋಟ ವಾಪಸ್ ಬರಲ್ಲಮ್ಮ," ಎಂದರು ಡಾಕ್ಟರಮ್ಮ. "ಉಳಿದಿದ್ದನ್ನ ಕಾಪಾಡಿಕೊಳ್ಳೋಣ. ಹನಿ ಒಂದು ದಿನಾನೂ ತಪ್ಪಿಸಬೇಡಿ." ಅಷ್ಟು ಹೇಳಿ, ನಮ್ಮ ಜೊತೆ ಬಂದಿದ್ದ ಮಗಳ ಕಡೆ ನೋಡಿದರು. "ಈ ಕಣ್ಣಿನ ಒತ್ತಡ ಮನೆತನದಲ್ಲಿ ಬರೋದು. ಮಗಳನ್ನೂ ಪರೀಕ್ಷೆ ಮಾಡಬೇಕು."

ಅಲ್ಲಿಯವರೆಗಿನ ನನ್ನ ಹೆದರಿಕೆ ಏನೂ ಅಲ್ಲ ಎನ್ನಿಸಿದ್ದು ಆಗ. ಅವಳನ್ನು ಒಳಗೆ ಕರೆದೊಯ್ದರು. ಬೆಂಚಿನ ಮೇಲೆ ನಾನೂ ನನ್ನವರೂ ಒಬ್ಬರ ಮುಖ ಒಬ್ಬರು ನೋಡದೆ ಕುಳಿತೆವು. ಬಾಗಿಲು ತೆರೆದು ಮಗಳು ಗೋಡೆ ಹಿಡಿದುಕೊಂಡು ಬಂದಳು.

"ಅವ್ವ, ಎಲ್ಲಾ ಮಸುಕ ಮಸುಕ ಕಾಣಾಕತ್ತೈತಿ."

ನಾನು ಕೈ ಚಾಚಿ ಅವಳನ್ನು ಹಿಡಿದುಕೊಂಡೆ. ಹಿಂದೆಯೇ ಬಂದ ನರ್ಸ್, "ಹನಿ ಹಾಕಿದ್ದಕ್ಕೆ ಹಂಗಾಗುತ್ತೆ, ಸಂಜೆಗೆ ಸರಿಹೋಗುತ್ತೆ ಬಿಡ್ರಿ," ಎಂದಳು. ಡಾಕ್ಟರಮ್ಮ ಕೊನೆಗೆ ಹೇಳಿದ್ದೂ ಅಷ್ಟೇ: ಮಗಳಿಗೆ ಸದ್ಯ ಏನೂ ಇಲ್ಲ, ಆದರೆ ವರ್ಷಕ್ಕೊಮ್ಮೆ ತೋರಿಸಬೇಕು. ಆ 'ಸದ್ಯ' ಎಂಬ ಮಾತು ನನ್ನ ಕಿವಿಯಲ್ಲೇ ಉಳಿಯಿತು.

ಮನೆಗೆ ಬಂದ ಮೇಲೆ ಮಗಳು, ಕಡುಬಣ್ಣವೇ ಬೇಡ, ಬಿಳಿ ಹೊಡೆಸೋಣ ಎಂದಳು. ನಾನು ಒಪ್ಪಲಿಲ್ಲ. ಬಲಗಣ್ಣಿನಿಂದ ನೋಡಿ ಮಣ್ಣಿನ ಛಾಯೆಯದನ್ನು ಆರಿಸಿದೆ.

ಈಗ ಹೊಲಿಗೆಯ ದಾರವನ್ನು ಮಗಳಿಗೊಮ್ಮೆ ತೋರಿಸಿಯೇ ಸೂಜಿಗೆ ಹಾಕುತ್ತೇನೆ. ನಮ್ಮಿಬ್ಬರ ತಪಾಸಣೆಗೆಂದು ದಾವಣಗೆರೆ ಬಸ್ಸು ಹತ್ತಿದಾಗಲೆಲ್ಲ ಆ 'ಸದ್ಯ' ಮತ್ತೆ ಕಿವಿಯಲ್ಲಿ ಕೇಳುತ್ತದೆ. ಮಗಳು ಪಕ್ಕದಲ್ಲಿ ಕೂತವಳು ಬಸ್ಸು ಊರು ದಾಟುವಷ್ಟರಲ್ಲೇ ನಿದ್ದೆ ಹೋಗಿರುತ್ತಾಳೆ.