ಬಾರಿಸಿ ನೋಡಿದ ದೋಣಿ

ಗಡಿಗೆ ಕೊಳ್ಳುವಾಗ ಬೆರಳು ಮಡಚಿ ಬಾರಿಸಿ ನೋಡದವರನ್ನು ಕಂಡರೆ ನನಗೆ ಅವರ ಮೇಲೆಯೇ ಸಂಶಯ ಬರುತ್ತದೆ. ಇವರಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು? ಧಾರವಾಡದ ಸಂತೆಯಲ್ಲಿ ಅವ್ವ ನನಗೆ ಕಲಿಸಿದ ವಿದ್ಯೆ ಇದು. ಗಡಿಗೆ ಸೀಳಿದೆಯೇ, ಸರಿಯಾಗಿ ಸುಟ್ಟಿದೆಯೇ ಎಂಬುದನ್ನು ಸಪ್ಪಳವೇ ಹೇಳುತ್ತದೆ. ಲಗ್ನವಾಗಿ ಮುಂಬಯಿಯ ಕುರ್ಲಾದ ಬಿಲ್ಡಿಂಗಿಗೆ ಬಂದ ಮೇಲೆ ಗಡಿಗೆ ಕೊಳ್ಳುವ ಪ್ರಸಂಗಗಳು ಕಡಿಮೆಯಾದವು. ಕಲಿತ ವಿದ್ಯೆ ಬಿಡಬಾರದೆಂದು ಕಲ್ಲಂಗಡಿ, ತೆಂಗಿನಕಾಯಿ, ಗ್ಯಾಸ್ ಸಿಲಿಂಡರು, ಕೊನೆಗೆ ಮನೆಯ ಗೋಡೆಗಳನ್ನೂ ಬಾರಿಸಿ ನೋಡಿದೆ. ಬಾರಿಸಿ ನೋಡದೆ ಮನೆ ತುಂಬಿಸಿಕೊಂಡದ್ದು ನಮ್ಮ ಯಜಮಾನರನ್ನು ಮಾತ್ರ. ಹಿರಿಯರು ಅದಕ್ಕೆ ಅವಕಾಶ ಕೊಡಲಿಲ್ಲ.

ಆ ಯಜಮಾನರು ರಿಟೈರ್ ಆದ ಮೇಲೆ ಒಂದು ದಿನ ಚಹಾ ಕುಡಿಯುತ್ತ, ಹಾಯಿದೋಣಿ ನಡೆಸುವುದನ್ನು ಕಲಿಯುತ್ತೇನೆ ಎಂದರು. ಫೋರ್ಟಿನ ಆಫೀಸಿನಲ್ಲಿ ಅವರ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಇಡೀ ಸರ್ವಿಸು ದೂರದ ದೋಣಿಗಳನ್ನು ನೋಡುತ್ತಲೇ ಕಳೆದಿತ್ತು. ಒಂದು ಸಲವಾದರೂ ದೋಣಿಯಲ್ಲಿ ಕೂತು ಆ ಕಿಟಕಿಯನ್ನು ನೋಡಬೇಕು ಎಂಬುದು ಅವರ ಆಸೆ. ಆಸೆಯೇನೋ ಚೆಂದವೇ. ಆದರೆ ಅವರಿಗೆ ಈಜು ಬರುವುದಿಲ್ಲ. ಬಾವಿಗೆ ಹಗ್ಗ ಬಿಡುವಾಗಲೂ ಒಂದು ಹೆಜ್ಜೆ ಹಿಂದೆ ನಿಂತು ಬಿಡುತ್ತಿದ್ದ ಮನುಷ್ಯ. ಹೋಗಬೇಡಿ ಎನ್ನಲು ಮನಸ್ಸಾಗಲಿಲ್ಲ, ಒಬ್ಬರನ್ನೇ ಕಳಿಸಲು ಧೈರ್ಯ ಸಾಲಲಿಲ್ಲ. ನಾನೂ ಬರುತ್ತೇನೆ ಎಂದೆ. ಕಲಿಯುವುದಕ್ಕಲ್ಲ, ಕಾಯುವುದಕ್ಕೆ.

ನಮ್ಮ ಕಡೆ ದೋಣಿಗಳಿಗಿಂತ ದೋಣಿಯ ಗಾದೆಗಳೇ ಹೆಚ್ಚು. ಎರಡು ದೋಣಿಯ ಮೇಲೆ ಕಾಲಿಡಬೇಡ ಎನ್ನುತ್ತೇವೆ. ಹೇಳುವವರಲ್ಲಿ ಎಷ್ಟೋ ಮಂದಿ ಒಂದರ ಮೇಲೂ ಕಾಲಿಟ್ಟಿರುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಇನ್ನೊಂದು. ಹತ್ತುವಾಗಿನ ಎಚ್ಚರಕ್ಕೆ ಒಂದು ಗಾದೆ, ದಾಟಿದ ಮೇಲಿನ ಕೃತಘ್ನತೆಗೆ ಒಂದು ಗಾದೆ. ಇನ್ನೇನು ದಾಟಿಯೇಬಿಟ್ಟೆವು ಎನಿಸುವ ಹೊತ್ತಿಗೆ ಏನು ಮಾಡಬೇಕೆಂದು ನಮ್ಮ ಹಿರಿಯರು ಹೇಳಿದಂತಿಲ್ಲ. ಹೇಳಿದ್ದರೆ ನನಗೆ ಉಪಕಾರವಾಗುತ್ತಿತ್ತು.

ಒಂದು ರವಿವಾರ ಬೆಳಿಗ್ಗೆ ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಗ್ರಾಂಟ್ ರೋಡಿಗೆ ಇಳಿದೆವು. ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದೆವು. ತುಂಬಿದ ಹೊಟ್ಟೆಯನ್ನು ಸಮುದ್ರಕ್ಕೆ ಒಯ್ಯಬಾರದೆಂದು ಅವರ ವಡೆಯನ್ನು ನಾನೇ ತಿಂದೆ. ಪಕ್ಕದ ಮನೆಯ ಶಿಂದೆ ವಹಿನಿಗೆ ಫೋನ್ ಮಾಡಿ, ಎಲ್ಲಿಗೆ ಹೋಗುತ್ತಿದ್ದೇವೆ, ಊಟದ ಹೊತ್ತಿಗೆ ನಮ್ಮ ಸುದ್ದಿ ಬರದಿದ್ದರೆ ಯಾರಿಗೆ ತಿಳಿಸಬೇಕು ಎಂದು ಹೇಳಿಟ್ಟೆ. ಆಕೆ ಗಾಬರಿಯಾಗಿ, ಹಾಗಾದರೆ ಹೋಗುವುದೇ ಏಕೆ ಎಂದು ಕೇಳಿದಳು. ಇಡ್ಲಿಯ ಬಿಲ್ಲು ಬಂತೆಂದು ಹೇಳಿ ಫೋನ್ ಇಟ್ಟೆ.

ಚೌಪಾಟಿಯ ಹತ್ತಿರ, ನೀರಿನ ಮೇಲೆ ತೇಲುವ ಒಂದು ಕಟ್ಟೆಗೆ ದೋಣಿಗಳನ್ನು ಕಟ್ಟಿದ್ದರು. ಕಲಿಸುವವಳು ನಿಶಾ ಎಂಬ ಹುಡುಗಿ. ಅವಳ ಅಪ್ಪ ಅಮ್ಮ ಉಡುಪಿ ಕಡೆಯವರಂತೆ, ಇವಳು ಹುಟ್ಟಿದ್ದು ಬೆಳೆದದ್ದು ಇಲ್ಲಿಯೇ. ನಮ್ಮ ಮಾತು ಕೇಳಿ ತಾನೂ ಹಿಂದಿ ಬೆರೆಸಿದ ಕನ್ನಡದಲ್ಲಿ ಮಾತಾಡಲು ಹೊರಟಳು. ಬಹಳ ನಗುತ್ತಿದ್ದಳು. ಸಮುದ್ರದ ದಂಡೆಯಲ್ಲಿ ನಿಂತು ಇಷ್ಟು ನಗುವವರ ಮೇಲೆ ನನಗೆ ಗುಮಾನಿ. ನಾನು ಬಗ್ಗಿ ದೋಣಿಯನ್ನು ಬಾರಿಸಿದೆ. ಡಬ್ ಎಂದಿತು. ಒಡೆದ ಗಡಿಗೆಯ ಸಪ್ಪಳವೇ ಅದು. ಇನ್ನೊಂದು ಕಡೆ ಬಾರಿಸಿದೆ, ಅಲ್ಲಿಯೂ ಡಬ್. "ಆಂಟಿ, ಇದು ಫೈಬರ್. ಸೌಂಡ್ ಐಸಾಹಿ ಬರ್ತದೆ," ಎಂದು ನಿಶಾ ಮತ್ತೆ ನಕ್ಕಳು. ಯಜಮಾನರು ಈ ಹೆಂಗಸು ಯಾರೋ ಎಂಬಂತೆ ಆಕಾಶ ನೋಡುತ್ತ ನಿಂತರು.

ಆಕಾಶವನ್ನು ನಾನು ಆಗಲೇ ನೋಡಿಟ್ಟಿದ್ದೆ. ಮೋಡವಿರಲಿಲ್ಲ, ಗಾಳಿ ಬಟ್ಟೆ ಒಣಗುವಷ್ಟು ಇತ್ತು. ಅನಂತರ ಲೈಫ್ ಜಾಕೆಟ್ಟುಗಳು. ಒಂದನ್ನು ಹಿಂಡಿ ನೋಡಿ ಬೇಡವೆಂದೆ. ಇನ್ನೊಂದರ ಬಕಲು ಸಡಿಲವಾಗಿತ್ತು. ಮೂರನೆಯದಕ್ಕೆ ಕಟ್ಟಿದ್ದ ಸೀಟಿಯನ್ನು ಊದಿದೆ. ದಂಡೆಯ ಮೇಲೆ ವಾಕಿಂಗ್ ಹೊರಟವರೆಲ್ಲ ತಿರುಗಿ ನೋಡಿದರು. ಇದು ಇವರಿಗಿರಲಿ ಎಂದೆ. ಆ ಜಾಕೆಟ್ಟಿಗೆ ಕಾಲುಗಳ ನಡುವಿನಿಂದ ತಂದು ಮುಂದೆ ಬಿಗಿಯುವ ಒಂದು ಪಟ್ಟಿಯಿತ್ತು. ಅದು ಬೇಡವೇ ಬೇಡ ಎಂದು ಯಜಮಾನರು ಹಟ ಹಿಡಿದರು. "ಲಂಗೋಟಿ ಕಟ್ಟಿದಂಗ ಕಾಣಸ್ತದ. ಮಂದಿ ನೋಡಿದ್ರ ಏನಂದಾರು?" ಪಟ್ಟಿಯಿಲ್ಲದಿದ್ದರೆ ನೀರಿನಲ್ಲಿ ಜಾಕೆಟ್ಟು ಮೇಲೇರಿ ಮುಖ ಮುಚ್ಚುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ ಎಂದು ನಿಶಾ ಹೇಳಿದಳು. ಅವಳು ಹೇಳಿದ್ದನ್ನೆಲ್ಲ ಸಂಶಯದಿಂದ ಕೇಳುತ್ತಿದ್ದ ನಾನು ಇದನ್ನು ಮಾತ್ರ ಕೂಡಲೇ ನಂಬಿದೆ. ನಾನೇ ಪಟ್ಟಿ ಎಳೆದು ಬಿಗಿದೆ. ಅವರ ಹೊಟ್ಟೆ ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿತು.

ಹೊರಡುವ ಮುಂಚೆ ನಿಶಾ ಒಂದು ನಿಯಮವನ್ನು ಎರಡೆರಡು ಸಲ ಹೇಳಿದಳು. "ಬೋಟ್‌ನಲ್ಲಿ ಖಡಾ ಆಗೋದು ಇಲ್ಲ ಆಂಟಿ. ನಾನು ಹೇಳುವ ತನಕ ಬೈಠ್‌ಕೇ ಇರಬೇಕು." ಮದುವೆಯಾಗಿ ಬಂದಾಗಿನಿಂದ ಲೋಕಲ್‌ನಲ್ಲಿ ನಿಂತೇ ಓಡಾಡಿದವಳು ನಾನು. ಕೂತೇ ಇರುವುದೇನು ದೊಡ್ಡ ಕಷ್ಟ ಎಂದು ತಲೆಯಾಡಿಸಿದೆ.

ದೋಣಿ ಹೊರಟಿತು. ಚುಕ್ಕಾಣಿ ನಿಶಾ ಹಿಡಿದಳು, ಯಜಮಾನರ ಕೈಗೆ ಹಾಯಿಯ ಹಗ್ಗ ಬಂತು. ಹಾಯಿ ಗಾಳಿ ತುಂಬಿಕೊಂಡಾಗ ಅವರ ಮುಖ ನೋಡಬೇಕಿತ್ತು. ನಾನು ನೋಡಲಿಲ್ಲ, ನನಗೆ ಬೇರೆ ಕೆಲಸವಿತ್ತು. ದೋಣಿಯ ತಳದಲ್ಲಿ ನೀರು ಸೇರಿದೆಯೇ? ಆ ಹಗ್ಗ ಎಲ್ಲಾದರೂ ಸವೆದಿದೆಯೇ? ಅಗತ್ಯ ಬಿದ್ದರೆ ಬರುತ್ತದೆ ಎಂದು ತೋರಿಸಿದ್ದ ರಕ್ಷಣೆಯ ಮೋಟರ್ ಬೋಟು ದೂರದಲ್ಲಿ ನಿಂತಿತ್ತು. ಅದರೊಳಗಿನ ಮನುಷ್ಯ ಮೊಬೈಲು ನೋಡುತ್ತಿದ್ದ. ಇವನು ಬರುವವನಲ್ಲ ಎಂದು ಮನಸ್ಸಿನಲ್ಲೇ ತೀರ್ಪು ಬರೆದೆ. ಸಮುದ್ರವನ್ನೂ ಒಂದೆರಡು ಸಲ ಕೆಕ್ಕರಿಸಿ ನೋಡಿದೆ. ಪಾಪ, ಅದು ಸುಮ್ಮನಿತ್ತು.

ಹಾಗೆಯೇ ಮರಳಿದೆವು. ಕಟ್ಟೆ ಹತ್ತಿರವಾಯಿತು, ದಂಡೆಯ ಮೇಲಿನವರ ಮುಖಗಳು ಸ್ಪಷ್ಟವಾದವು. ನೀವು ಮುಂಬಯಿಯವರಾದರೆ ಮುಂದೆ ಆದದ್ದು ನಿಮಗೆ ಈಗಾಗಲೇ ತಿಳಿದಿರಬೇಕು. ಕುರ್ಲಾದಲ್ಲಿ ಇಳಿಯುವವರು ಎರಡು ಸ್ಟೇಷನ್ ಮೊದಲೇ, ಮಾಟುಂಗಾದಲ್ಲಿ ಎದ್ದು ಬಾಗಿಲ ಕಡೆಗೆ ನುಗ್ಗಬೇಕು. ಸ್ಟೇಷನ್ ಬಂದ ಮೇಲೆ ಏಳುವವರನ್ನು ಈ ಊರು ಇಳಿಸುವುದಿಲ್ಲ. ನನ್ನ ಕಾಲುಗಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಚೀಲ ಹೆಗಲಿಗೇರಿಸಿ ಎದ್ದೆ. "ಏಳ್ರಿ, ಬಂತು," ಎಂದೆ. ಸಂಸಾರದುದ್ದಕ್ಕೂ ನನ್ನ ಮಾತನ್ನು ಎರಡನೆಯ ಸಲಕ್ಕೆ ಕೇಳುವ ಮನುಷ್ಯ, ಅಂದು ಮೊದಲನೆಯ ಸಲಕ್ಕೇ ಎದ್ದರು.

ಇಬ್ಬರೂ ಇಳಿಯುವ ಬದಿಗೇ ನಿಂತೆವು. ದೋಣಿ ಅದೇ ಬದಿಗೆ ವಾಲಿತು. ನಿಶಾ ನನ್ನ ಸೆರಗು ಹಿಡಿದು ಕೆಳಗೆ ಎಳೆದು ಕೂರಿಸಿದಳು. ಅವರನ್ನು ಹಿಡಿಯಲು ಅವಳಿಗೆ ಇನ್ನೊಂದು ಕೈ ಇರಲಿಲ್ಲ. ಯಜಮಾನರು ಬೆನ್ನ ಮೇಲಾಗಿ ನೀರಿಗೆ ಬಿದ್ದರು, ಬಿದ್ದು ಕಾಣದಾದರು. ಅವರ ಟೋಪಿ ಮಾತ್ರ ತೇಲುತ್ತಿತ್ತು.

ಆ ಹೊತ್ತು ಎಷ್ಟಿತ್ತೋ ನನಗೆ ತಿಳಿಯದು. ಅವರನ್ನು ನಾನೇ ಕೊಂದೆ ಎಂದುಕೊಂಡೆ. ಬೇರೆ ಯಾವ ವಿಚಾರವೂ ಬರಲಿಲ್ಲ. ಆಮೇಲೆ ಟೋಪಿಯ ಪಕ್ಕದಲ್ಲಿ ಬೋಳುತಲೆಯೊಂದು ಮೇಲೆ ಬಂತು, ಗಲ್ಲದ ಕೆಳಗೆ ಜಾಕೆಟ್ಟು ಕಟ್ಟಿದಲ್ಲಿಯೇ ಗಟ್ಟಿಯಾಗಿ ನಿಂತಿತ್ತು. ಅವರು ಕೆಮ್ಮಿದರು, ಉಗುಳಿದರು, ತಡಕಾಡಿ ಸೀಟಿ ಬಾಯಿಗಿಟ್ಟು ರೈಲಿನ ಗಾರ್ಡಿನಂತೆ ಊದಿದರು. ಊದುವ ಅಗತ್ಯವೇ ಇರಲಿಲ್ಲ. ಮೊಬೈಲು ನೋಡುತ್ತಿದ್ದ ಮನುಷ್ಯ ಆಗಲೇ ಮೋಟರ್ ಬೋಟು ತಂದು ಅವರ ಪಕ್ಕ ನಿಲ್ಲಿಸಿದ್ದ. ಅವನ ಮೇಲೆ ಬರೆದ ತೀರ್ಪನ್ನು ಅಲ್ಲಿಯೇ ಹರಿದು ಹಾಕಿ, ಕಟ್ಟೆಯ ಮೇಲೆ ಕೂತು ಮನಸಾರೆ ಅತ್ತೆ. ಎಲ್ಲವನ್ನೂ ಬಾರಿಸಿ ನೋಡಿದ್ದೆ; ನನ್ನನ್ನು ಬಿಟ್ಟು. ನಿಶಾ ನೀರು ತಂದುಕೊಟ್ಟಳು. ಆಗ ಮಾತ್ರ ಅವಳು ನಗುತ್ತಿರಲಿಲ್ಲ, ಆಗಲೇ ನನಗೆ ಅವಳ ನಗು ಬೇಕಾಗಿತ್ತು.

ಶಿಂದೆ ವಹಿನಿಗೆ ಸುದ್ದಿ ತಿಳಿಸಿ, ಒದ್ದೆ ಯಜಮಾನರಿಗೆ ರಸ್ತೆಬದಿಯಲ್ಲಿ ಕೊಂಡ ಅಂಗಿ ಪ್ಯಾಂಟು ಹಾಕಿಸಿ ಲೋಕಲ್ ಹತ್ತಿದೆ. ದಾದರಿನಿಂದ ಮುಂದೆ ಕೂರಲು ಜಾಗವೂ ಸಿಕ್ಕಿತು. ಮಾಟುಂಗಾ ಬಂದಾಗ ಏಳಹೊರಟ ನನ್ನ ಕೈಯನ್ನು ಅವರು ಮೆಲ್ಲಗೆ ಹಿಡಿದುಕೊಂಡರು. "ಪೂರಾ ನಿಲ್ಲಲಿ. ಆಮ್ಯಾಲೆ ಏಳೋಣು." ನಾನು ಕೂತೆ. ಅವರು ಹೇಳಿದ್ದನ್ನು ಮೊದಲನೆಯ ಸಲಕ್ಕೇ ಕೇಳುವ ಸರದಿ ಈಗ ನನ್ನದಾಗಿತ್ತು. ಕುರ್ಲಾ ಬಂತು, ಗಾಡಿ ಪೂರಾ ನಿಂತಿತು, ನಾವು ಎದ್ದೆವು. ಅಷ್ಟರಲ್ಲಿ ಹತ್ತುವ ಗುಂಪು ನಮ್ಮನ್ನು ಎದ್ದ ಜಾಗಕ್ಕೇ ತಳ್ಳಿತು. ಇಳಿದದ್ದು ಮುಂದಿನ ಸ್ಟೇಷನ್ ವಿದ್ಯಾವಿಹಾರದಲ್ಲಿ.

ಅಲ್ಲಿಯ ಬೆಂಚಿನ ಮೇಲೆ ಕೂತು ಮರಳಿ ಹೋಗುವ ಗಾಡಿಗೆ ಕಾಯುವಾಗ, ಮುಂದಿನ ರವಿವಾರ ಮತ್ತೆ ಹೋಗುವುದಿದೆಯೇ ಎಂದು ಕೇಳಿದೆ. ಇಲ್ಲ ಎನ್ನಲಿ ಎಂದು ಮನಸ್ಸು ಹೇಳುತ್ತಿತ್ತು. ಹೌದು ಎನ್ನಲಿ ಎಂದೂ ಹೇಳುತ್ತಿತ್ತು. ಅವರು ಬೆರಳು ಮಡಚಿ ನನ್ನ ಮೊಣಕಾಲಿನ ಮೇಲೆ ಎರಡು ಸಲ ಬಾರಿಸಿದರು. ಕಿವಿ ಓರೆ ಮಾಡಿ ಕೇಳಿಸಿಕೊಂಡರು.

"ಸೀಳಿಲ್ಲ," ಎಂದರು. "ಇನ್ನೊಂದೀಟು ಸುಡಬೇಕಷ್ಟ."