ಸೊಸೆಯಾಗಿ ಬಂದ ಸಾಮಾನುಗಳು

ನಮ್ಮ ಗಿರಿಜಾ ಕಾಕು ಸೊಂಟದಲ್ಲಿ ಬೀಗದ ಕೈಗಳ ಗೊಂಚಲಿನ ಜೊತೆಗೆ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಿದ್ದಳು. ಕೆಂಪು ಹಿಡಿಕೆಯ, ಗೇಣುದ್ದದ ಸ್ಕ್ರೂಡ್ರೈವರ್. ಆಕೆ ಅಂಗಳದಲ್ಲಿ ಓಡಾಡಿದರೆ ಅದು ಬೀಗದ ಕೈಗಳಿಗೆ ತಾಕಿ ಸದ್ದಾಗುತ್ತಿತ್ತು, ಕಾಕು ಎಲ್ಲಿದ್ದಾಳೆಂದು ಕೂಗಿ ಕೇಳುವ ಅಗತ್ಯವೇ ಇರಲಿಲ್ಲ. ನಮ್ಮೂರು ಮಿಶ್ರಿಕೋಟಿಯ ಹೆಂಗಸರು ಮೊದಮೊದಲು ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಅವರೇ ತಮ್ಮ ಮನೆಯ ಕೆಟ್ಟ ಸ್ಟೋವು, ಬಾಯಿ ಬಿಡದ ರೇಡಿಯೋ ಹೊತ್ತುಕೊಂಡು ನಮ್ಮ ಕಟ್ಟೆಗೆ ಬರತೊಡಗಿದರು.

ಕಾಕು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ, ಗುಜರಿ ವ್ಯಾಪಾರದ ಮನೆಯಲ್ಲಿ. ಆಕೆಯ ತಂದೆ ಹಳೆಯ ಹೊಲಿಗೆ ಯಂತ್ರ, ಲಾರಿಯ ಬ್ಯಾಟರಿ, ಕೆಟ್ಟ ಫ್ಯಾನು ಇಂಥವನ್ನು ಕೊಂಡು, ಬಿಚ್ಚಿ, ಬೇರೆ ಬೇರೆ ಮಾಡಿ ಮಾರುತ್ತಿದ್ದವರು. ನಮ್ಮದು ಹೊಲಗದ್ದೆಯ ಮನೆ. ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಆಕೆಯನ್ನು ಮೆಚ್ಚಿ ಮದುವೆಯಾದದ್ದು ನಮ್ಮ ಅಜ್ಜಿಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಾಗಿತ್ತು, ನಮ್ಮ ಮನೆಯಲ್ಲಿ ಮೀನು ತಿನ್ನದಿದ್ದರೂ. ಸಾರಿಗೆ ಉಪ್ಪು ಹೆಚ್ಚಾಗಲಿ, ಆಕಳು ಒದೆಯಲಿ, ಅಜ್ಜಿಯ ಬಾಯಲ್ಲಿ ಒಂದೇ ಮಾತು: "ಗುಜರಿ ಮನಿಯಿಂದ ಬಂದಾಕಿ, ಮತ್ತೇನ ಮಾಡ್ತಾಳ." ಕಾಕು ತಿರುಗಿ ಆಡುತ್ತಿರಲಿಲ್ಲ. ತನ್ನನ್ನು ಬೈದರೆ ಆಕೆಗೆ ಏನೂ ಅನಿಸುತ್ತಿರಲಿಲ್ಲ, ಅಪ್ಪನ ಮನೆಯನ್ನು ಎತ್ತಿದರೆ ಮಾತ್ರ ಮುಖ ಕೆಂಪಾಗುತ್ತಿತ್ತು. ಅದು ನನಗೆ ಗೊತ್ತಿತ್ತು. ಆಗ ನಾನು ಧಾರವಾಡದಲ್ಲಿ ಬಿ.ಎ., ಬಿ.ಇಡಿ. ಮುಗಿಸಿ, ನೌಕರಿಯ ಆದೇಶ ಕಾಯುತ್ತ, ಅದೇ ಮನೆಯಲ್ಲಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತಿದು. ಗೋಕರ್ಣಕ್ಕೆ ಹೊರಟ ಪರದೇಶದ ಹಿಪ್ಪಿಗಳ ವ್ಯಾನು ಗಾಡಿಗಳು ಕಾರವಾರದ ರಸ್ತೆಯಲ್ಲಿ ಆಗಾಗ ಕಾಣುತ್ತಿದ್ದವು. ಅಂಥದೊಂದು ಗಾಡಿ ನಮ್ಮೂರ ಕ್ರಾಸಿನಲ್ಲಿ ಗೇರ್ ಬಾಕ್ಸ್ ಮುರಿದುಕೊಂಡು ನಿಂತಿತು. ಒಳಗೆ ಗಂಡ ಹೆಂಡತಿ ಇಬ್ಬರೇ. ಹೆಂಡತಿಗೆ ಮೈ ಸುಡುವಷ್ಟು ಜ್ವರ. ಕಾಕಾ ಎತ್ತು ಕಟ್ಟಿ ಗಾಡಿಯನ್ನು ನಮ್ಮ ಹಿತ್ತಲಿಗೆ ಎಳೆಸಿದರು. ಕಾಕು ಆ ಹೆಂಗಸಿಗೆ ಗಂಜಿ, ಕಷಾಯ ಕೊಟ್ಟು, ಮಗ್ಗುಲಲ್ಲೇ ಮಲಗಿ ನೋಡಿಕೊಂಡಳು. ಆಕೆ ಚೇತರಿಸಿಕೊಂಡ ಮೇಲೆ ಗಂಡ ಹೆಂಡತಿ ಊರಿಗೆ ಮರಳುವುದೆಂದು ತೀರ್ಮಾನಿಸಿದರು. ಹೋಗುವಾಗ ಆಕೆ ಗಾಡಿಯ ಕೀಲಿಯನ್ನು ಕಾಕುವಿನ ಅಂಗೈಯಲ್ಲಿಟ್ಟು, "ಇದು ಇನ್ನು ನಿನ್ನದು, ಏನು ಬೇಕಾದರೂ ಮಾಡು" ಎಂದಳು. ಅದನ್ನು ಕನ್ನಡಕ್ಕೆ ತಂದವಳು ನಾನೇ. ಕಾಗದಪತ್ರದ ಕೆಲಸವನ್ನು ಹುಬ್ಬಳ್ಳಿಯ ವಕೀಲರೊಬ್ಬರು ಮುಗಿಸಿಕೊಟ್ಟರು.

ಗಾಡಿಯೋ, ಒಂದು ಪುಟ್ಟ ಮನೆ. ಒಳಗೆ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಬಟ್ಟೆಯ ಪರದೆ, ಮಡಚಿದರೆ ಕುರ್ಚಿ, ಬಿಚ್ಚಿದರೆ ಹಾಸಿಗೆ. ಊರಿನವರು ಬಂದು ಬಂದು ನೋಡಿದರು. ಆದರೆ ಅದು ನಿಂತದ್ದು ಬಣವೆ ಒಟ್ಟುವ ಜಾಗದಲ್ಲಿ. ಭತ್ತದ ಸುಗ್ಗಿ ಬಂದರೆ ಹುಲ್ಲಿಗೆ ಜಾಗ ಬೇಕು. ಕಾಕಾ ಹುಬ್ಬಳ್ಳಿಯಿಂದ ದಾದಾಪೀರ ಎಂಬ ಗುಜರಿ ವ್ಯಾಪಾರಿಯನ್ನು ಕರೆಸಿದರು. ಆತ ಸುತ್ತ ಒಂದು ಸಲ ನಡೆದು, "ತೂಕಕ್ಕ ಒಯ್ತೀನ್ರಿ" ಎಂದ.

ಕಾಕು ಬಾಗಿಲ ಮರೆಯಿಂದ ಹೊರಗೆ ಬಂದಳು. "ತೂಕಕ್ಕ ಕೊಡಂಗಿಲ್ಲ."

"ಅಕ್ಕಾರ, ನಿಮ್ಮ ಅಪ್ಪಾರೂ ತೂಕಕ್ಕ ಕೊಳ್ಳಾವ್ರ ಅಲ್ಲೇನ್ರಿ?"

"ಕೊಳ್ಳೂದು ತೂಕಕ್ಕ, ಮಾರೂದು ಒಂದೊಂದರ ಹೆಸರಿಗೆ. ಅದನ್ನ ನೋಡ್ಕೊಂತ ಬೆಳದೀನಿ ನಾ." ಹಾಗೆಂದು ಕಾಕಾನ ಕಡೆ ತಿರುಗಿದಳು. "ಸುಗ್ಗಿ ತನಕ ಬಿಡ್ರಿ. ಬಣವಿ ಒಟ್ಟೂ ಹೊತ್ತಿಗೆ ಜಾಗ ಖುಲ್ಲಾ ಮಾಡಿ ಕೊಡ್ತೀನಿ."

ಅಜ್ಜಿ ಕಟ್ಟೆಯ ಮೇಲಿಂದ ಎಲ್ಲರಿಗೂ ಕೇಳುವಂತೆ ಹೇಳಿದಳು: "ತವರಮನಿ ಧಂದೆ ಇಲ್ಲಿಗೂ ಬಂತ ನೋಡ್ರಿ. ಸೋತ್ರ ಊರಾಗ ನಮ್ಮ ಮಾರಿ ಏನ ಉಳೀತದ?" ಆ ದಿನದಿಂದ ಪಣಕ್ಕಿದ್ದದ್ದು ಗಾಡಿಯಲ್ಲ, ಕಾಕುವಿನ ತವರಿನ ಹೆಸರು. ಸ್ಕ್ರೂಡ್ರೈವರ್ ಆಕೆಯ ಸೊಂಟಕ್ಕೆ ಬಂದದ್ದೂ ಅದೇ ದಿನ.

ಕಾಕು ಮೊದಲು ಬಿಚ್ಚಲಿಲ್ಲ, ಒರೆಸಿದಳು. ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ಇಡೀ ಗಾಡಿಯನ್ನು, ಒಳಗೂ ಹೊರಗೂ ಒರೆಸಿದಳು. ನಂತರ ನನ್ನನ್ನು ಕರೆದು ಒಲೆಯ ಕೆಳಗೆ ತೋರಿಸಿದಳು.

"ನೋಡಿಲ್ಲೆ, ಎರಡ ಜೋಡಿ ತೂತ ಅದಾವ. ಒಂದ್ರಾಗ ಸ್ಕ್ರೂ ಐತಿ, ಒಂದು ಖಾಲಿ. ಅಂದ್ರ ಮೊದ್ಲ ಇಲ್ಲಿ ಬ್ಯಾರೆ ಒಲಿ ಕುಂತಿತ್ತು. ಈ ಒಲಿ ಸೊಸಿ."

"ಸೊಸಿ ಅಂದ್ರ?"

"ಗಾಡಿ ಜೋಡಿ ಹುಟ್ಟಿದ್ದು ಮಗಳು. ಆಮ್ಯಾಲೆ ತಂದು ಕೂಡ್ರಿಸಿದ್ದು ಸೊಸಿ. ಸೊಸೀನ ಸುಮ್ನ ಯಾರೂ ತರಂಗಿಲ್ಲ, ಮೊದಲಿನಕ್ಕಿಂತ ಚಲೋ ಇದ್ರ ತರ್ತಾರ. ನಾವು ಮಾರೂದು ಸೊಸ್ಯಾರ್ನ."

ಬಣ್ಣವೂ ಆಕೆಗೆ ಸಾಕ್ಷಿ ಹೇಳುತ್ತಿತ್ತು. ಗಾಡಿಯ ಮೇಲ್ಬಣ್ಣ ಕೆನೆಯದು, ಅದರಡಿಗೆ ಹಳೆಯ ನೀಲಿ. ಸಾಮಾನಿನ ಕೆಳಗೆ ನೀಲಿ ಉಳಿದಿದ್ದರೆ ಅದು ಹಳೆಯ ಕಾಲದ್ದು. ಕೆಳಗೂ ಕೆನೆ ಬಣ್ಣವಿದ್ದರೆ, ಬಣ್ಣ ಬಳಿದ ಮೇಲೆ ಕೂಡಿಸಿದ್ದು. ಬ್ಯಾಟರಿ ಇಡುವ ಜಾಗದ ಪಟ್ಟಿಯ ಮೇಲೆ ಆರು ವೋಲ್ಟ್ ಎಂದು ಬರೆದಿತ್ತು, ದೊಡ್ಡ ದೀಪದ ಬಲ್ಬಿನ ಮೇಲೆ ಹನ್ನೆರಡು. ಅಪ್ಪನ ಅಂಗಡಿಯಲ್ಲಿ ಬ್ಯಾಟರಿಗಳ ನಡುವೆ ಬೆಳೆದವಳಿಗೆ ಅಷ್ಟು ಸಾಕಾಯಿತು: ಆರರ ಗಾಡಿಯನ್ನು ಯಾರೋ ಆಮೇಲೆ ಹನ್ನೆರಡಕ್ಕೆ ಬದಲಿಸಿದ್ದರು. ಬಲ್ಬು, ಡೈನಮೋ, ಗಾಜು ಒರೆಸುವ ಮೋಟರು ಎಲ್ಲವನ್ನೂ ಹುಡುಕಿ ಹನ್ನೆರಡರವನ್ನು ಒಂದೇ ಗೋಣಿಯ ಮೇಲೆ ಜೋಡಿಸಿದಳು. "ಇವು ಒಂದ ಲಗ್ನದಾಗ ಬಂದ ಬೀಗರು. ಅಗಲ್ಸಬಾರದು" ಎಂದಳು.

ಕೊಳ್ಳುವವರು ಎಲ್ಲಿಂದ ಬರಬೇಕು? ಅದಕ್ಕೂ ಕಾಕುವಿನ ಬಳಿ ಉಪಾಯವಿತ್ತು. ಕ್ರಾಸಿನ ಚಹಾದಂಗಡಿಯ ತಟ್ಟಿಗೆ ಒಂದು ಹೆಡ್‌ಲೈಟನ್ನು, ಕನ್ನಡಿಯಂತೆ ಹೊಳೆಯುವಷ್ಟು ತಿಕ್ಕಿ, ತೂಗುಹಾಕಿಸಿದಳು. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ನನ್ನಿಂದ ಬರೆಸಿದಳು. ವಾರ ಕಳೆಯುವಷ್ಟರಲ್ಲಿ ಅದೇ ಜಾತಿಯ ಗಾಡಿಯೊಂದು ನಮ್ಮ ಅಂಗಳಕ್ಕೆ ಬಂತು. ಇಳಿದವನು ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಳ್ಳುವಷ್ಟು ಎತ್ತರ. ನಾವು ಅವನನ್ನು ಉದ್ದ ಸಾಹೇಬ ಎಂದೆವು.

ಅವನ ಗಾಡಿಯ ದೀಪಗಳು ಹಣತೆಯಂತೆ ಮಿಣುಕುತ್ತಿದ್ದವಂತೆ, ಘಟ್ಟದ ತಿರುವುಗಳಲ್ಲಿ ಜೀವ ಕೈಯಲ್ಲಿ ಹಿಡಿದು ಬಂದಿದ್ದನಂತೆ. ಡೈನಮೋ ಒಂದೇ ಸಾಕು ಎಂದ, ಅದೊಂದಕ್ಕೇ ಒಳ್ಳೆಯ ಬೆಲೆಯನ್ನೂ ಹೇಳಿದ. ಕಾಕು ತಲೆಯಾಡಿಸಿದಳು. "ಬರೇ ಡೈನಮೋ ಒಯ್ದ್ರ ಅವರ ಆರರ ಬಲ್ಬು ಎಲ್ಲಾ ಸುಡ್ತಾವು ಅಂತ ಹೇಳ. ಒಯ್ದ್ರ ಇಡೀ ದಿಬ್ಬಣ ಒಯ್ಯಲಿ, ಇಲ್ಲಾಂದ್ರ ಚಾ ಕುಡ್ದು ಹೋಗ್ಲಿ." ಗಾಡಿ ತಂದ ಮೊದಲ ಗಿರಾಕಿ ಅವನು, ಸುಗ್ಗಿ ಹತ್ತಿರವಾಗುತ್ತಿತ್ತು, ಅಜ್ಜಿ ಕಟ್ಟೆಯ ಮೇಲೆ ಕಿವಿ ತೆರೆದು ಕೂತಿದ್ದಳು. ನಾನು ಹೇಳಿದ್ದನ್ನು ಕೇಳಿ ಅವನು ಗೋಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡಿದ. ಆಮೇಲೆ ಜೋರಾಗಿ ನಕ್ಕು ಇಡೀ ಗೋಣಿಯನ್ನೇ ತನ್ನ ಕಡೆಗೆ ಎಳೆದುಕೊಂಡ.

ಅವನು ಹೊರಟಾಗ ಕಾಕು "ನಿಂದರ್ಸು" ಎಂದು ಒಳಗೆ ಹೋದಳು. ಹಳೆಯ ಕುಬಸದ ಅರಿವೆಯಲ್ಲಿ ಒಂದು ಹಿಡಿ ಅಕ್ಕಿ, ಅರಿಷಿಣದ ಕೊಂಬು, ಅಡಿಕೆ, ಬೆಲ್ಲದ ಚೂರು ಕಟ್ಟಿ ತಂದು ಡೈನಮೋದ ಮಗ್ಗುಲಿಗೆ ಇಟ್ಟಳು. ಉಡಿ ತುಂಬುವುದೆಂದರೆ ನಮ್ಮ ಕಡೆ ಮನೆಯಿಂದ ಹೊರಡುವ ಹೆಣ್ಣಿಗೆ ಸಲ್ಲುವ ಮರ್ಯಾದೆ. ಕಬ್ಬಿಣಕ್ಕೆ ಉಡಿ ತುಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಕಬ್ಬಣಕ್ಕ ಉಡಿ ಅಂತ" ಎಂದು ಅಜ್ಜಿ ಹಣೆ ಹಣೆ ಬಡಿದುಕೊಂಡಳು.

"ನಮ್ಮ ಮನಿ ಬಿಟ್ಟು ಹೋಗಾಕತ್ತದಲ್ರಿ ಅತ್ತಿ. ಬರೇ ಉಡೀಲೆ ಹೆಂಗ ಕಳಸೂದು?"

ಅದೇ ದಿನ ಕಾಕುವಿನ ಒಂದು ತಪ್ಪೂ ಹೊರಬಿತ್ತು. ಗಾಡಿಯ ಹಾಸಿಗೆಯನ್ನು ಆಕೆ ಆಗಲೇ ಕಲಘಟಗಿಯ ಡಾಕ್ಟರರೊಬ್ಬರಿಗೆ, ರೋಗಿಗಳನ್ನು ಮಲಗಿಸಿ ನೋಡಲೆಂದು, ಸೊಸೆ ಎಂದು ಹೇಳಿಯೇ ಮಾರಿದ್ದಳು. ಉದ್ದ ಸಾಹೇಬ ಒಳಗೆ ಇಣುಕಿ, ಹಾಸಿಗೆ ಎಲ್ಲಿ, ಅದು ಕಾರ್ಖಾನೆಯಿಂದಲೇ ಬರುತ್ತದಲ್ಲ ಎಂದ. ಕಾಕುವಿಗೆ ನಂಬಲಾಗಲಿಲ್ಲ. "ಯಾರರ ಹುಟ್ಟಾ ಹಾಸಿಗಿ ಹೊತ್ಕೊಂಡು ಹುಟ್ತಾರೇನ?" ಎಂದು ಕೇಳಿದಳು. ಗಾಡಿಗೆ ಹಾಸಿಗೆ ಎಂಬುದು ಯಾರೋ ಸೋಮಾರಿ ಆಮೇಲೆ ಕೂಡಿಸಿದ್ದೇ ಇರಬೇಕೆಂದು ಆಕೆ ತೂತು, ಬಣ್ಣ ಏನನ್ನೂ ನೋಡಿರಲಿಲ್ಲ. ಮರುದಿನ ಮೊದಲ ಬಸ್ಸಿಗೆ ನನ್ನನ್ನು ಕರೆದುಕೊಂಡು ಕಲಘಟಗಿಗೆ ಹೋದಳು. ದವಾಖಾನೆಯಲ್ಲಿ ಎಲ್ಲರೆದುರಿಗೆ, "ಡಾಕ್ಟರ್ ಸಾಹೇಬ್ರ, ನಾ ಸೊಸಿ ಅಂತ ಹೇಳಿ ಕೊಟ್ಟಿದ್ದೆ, ಅದು ಮಗಳಂತರಿ. ಬ್ಯಾಡಂದ್ರ ತಿರುಗಿ ಒಯ್ತೀನಿ" ಎಂದಳು. ಡಾಕ್ಟರರಿಗೆ ತಲೆಬುಡ ತಿಳಿಯಲಿಲ್ಲ. ಅಲ್ಲಿ ಕಾಯುತ್ತಿದ್ದ ರೋಗಿಗಳಂತೂ ಯಾವುದೋ ಮನೆತನದ ಗುಟ್ಟು ಒಡೆಯಿತೆಂದೇ ತಿಳಿದು ಮುಂದಕ್ಕೆ ಬಾಗಿದರು. ನಾನು ನಗು ತಡೆದು ವಿವರಿಸಿದ ಮೇಲೆ ಡಾಕ್ಟರು, "ಮಂಚ ಗಟ್ಟಿ ಐತಿ, ಇರ್ಲಿ ಬಿಡ್ರಿ" ಎಂದರು.

ಬಸ್ಸಿನಲ್ಲಿ ನಾನು, "ಹೇಳದಿದ್ರೂ ನಡೀತಿತ್ತಲ್ಲ ಕಾಕು" ಎಂದೆ.

"ನಡೀತಿತ್ತು. ನಾಳೆ ಯಾರರ, ಗುಜರಿಯವ್ರ ಮಾತು ಅಷ್ಟ ಅಂದ್ರ? ನಮ್ಮಪ್ಪ ಹೋಗಿ ಎಷ್ಟ ವರ್ಷಾದ್ರೂ ಅಂವಂದ ಹೆಸರು ಹೋಗೂದು."

ಆ ಮಾತು ಕೇಳಿ ನನಗೆ ಆಕೆಯ ಬಗ್ಗೆ ಹೆಮ್ಮೆಯಾಯಿತು. ಇವತ್ತಿಗೂ ಆ ಹೆಮ್ಮೆ ಹಾಗೇ ಇದೆ. ಗೋಕರ್ಣದಲ್ಲಿ ಉದ್ದ ಸಾಹೇಬ ಏನು ಹೇಳಿದನೋ, ಒಂದರ ಹಿಂದೆ ಒಂದು ಗಾಡಿಗಳು "ಗಿರಿಜಾ, ಗಿರಿಜಾ" ಎಂದು ಕೇಳುತ್ತ ಬಂದವು. ಒಲೆ ಹೋಯಿತು, ಮೇಲಿನ ಕ್ಯಾರಿಯರ್ ಹೋಯಿತು, ಕಾರ್ಬೊರೇಟರ್ ಹೋಯಿತು. ಪ್ರತಿಯೊಂದಕ್ಕೂ ಮಗಳೋ ಸೊಸೆಯೋ ಎಂಬ ಖಚಿತ ಮಾತು, ಪ್ರತಿಯೊಂದಕ್ಕೂ ಉಡಿ. ಆ ಅಕ್ಕಿಯನ್ನು ಅವರು ಏನು ಮಾಡಿದರೋ ದೇವರೇ ಬಲ್ಲ.

ಭತ್ತ ಕೊಯ್ಲಿಗೆ ಬಂದಾಗ ಹಿತ್ತಲಲ್ಲಿ ಉಳಿದದ್ದು ತಗಡಿನ ಗೂಡು ಮಾತ್ರ. ಕಾಕು ತಾನೇ ಹೇಳಿ ದಾದಾಪೀರನನ್ನು ಕರೆಸಿದಳು.

ಆತ ಒಳಗೆ ಇಣುಕಿ ನೋಡಿ ನಕ್ಕ. "ಅಕ್ಕಾರ, ಒಳಗ ಗಾಳಿ ಬಿಟ್ರ ಏನೂ ಇಲ್ಲಲ್ರಿ."

"ತೂಕಕ್ಕ ಒಯ್ತೀನಿ ಅಂದವ್ರು ನೀವ. ತೂಗ್ರಿ."

"ನಾ ಇಷ್ಟ ವರ್ಷ ಈ ಧಂದೆದಾಗ ಅದೀನಿ, ಹಿಂಗ ಯಾರೂ ಬಿಡಿಸಿ ಮಾರಿದ್ದು ನೋಡಿಲ್ಲ. ಯಾರ ಕಲಿಸಿದ್ರು ಇವರಿಗೆ?" ಎಂದು ಆತ ಕಾಕಾನನ್ನು ಕೇಳಿದ. ಕಾಕಾ ಬಾಯಿ ತೆರೆಯುವ ಮೊದಲೇ ಕಟ್ಟೆಯ ಮೇಲಿಂದ ಅಜ್ಜಿ ಮಾತಾಡಿದಳು.

"ಕಲಸೂದೇನೈತಿ? ಗುಜರಿ ಮನಿಯಿಂದ ಬಂದಾಕಿ ಆಕಿ. ನಮ್ಮ ಮನಿಗೆ ಆಮ್ಯಾಲೆ ಬಂದದ್ದು, ಮೊದಲಿದ್ದದ್ದಕ್ಕಿಂತ ಚಲೋ."

ಕಾಕು ಸೆರಗಿನಿಂದ ಸ್ಕ್ರೂಡ್ರೈವರನ್ನು ಒರೆಸುತ್ತ ನಿಂತಳು, ಅದರ ಮೇಲೆ ಒರೆಸುವಂಥದ್ದು ಏನೂ ಇರಲಿಲ್ಲ. ತಗಡಿನ ಗೂಡು ಲಾರಿ ಏರಿತು. ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಯಾರಿಗೂ ಉಡಿ ತುಂಬುವಂತಿರಲಿಲ್ಲ. ಕೂತಲ್ಲಿಂದಲೇ ಕೂಗಿದಳು: "ಗಿರಿಜಾ, ಹಂಗ ಕಳಸ್ತೀಯೇನ? ಉಡಿ ತುಂಬು."

ಸುಗ್ಗಿ ಮುಗಿದು ನನ್ನ ನೌಕರಿಯ ಆದೇಶ ಬಂತು. ಶಲವಡಿಯ ಶಾಲೆಗೆ. ಹೊರಡುವ ದಿನ ಕಾಕು ನನ್ನ ಉಡಿ ತುಂಬಿದಳು. ಅಕ್ಕಿ, ಉತ್ತತ್ತಿ, ಬೆಲ್ಲ, ಅವುಗಳ ನಡುವೆ ಗಟ್ಟಿಯಾದದ್ದೇನೋ ತಾಕಿತು. ನೋಡಿದರೆ ಕೆಂಪು ಹಿಡಿಕೆಯ ಸ್ಕ್ರೂಡ್ರೈವರ್.

"ಇದು ನಿಂದಲ್ಲೇನ ಕಾಕು?"

"ನನಗಿನ್ನ ಯಾಕ? ಆ ಊರಾಗ ನೀನೂ ಆಮ್ಯಾಲೆ ಬಂದಾಕಿ. ಯಾರರ ತೂಕಕ್ಕ ಕೊಳ್ಳಾಕ ಬಂದ್ರ ಕೊಡಬ್ಯಾಡ."

ನಾನು ಆಕೆಯನ್ನು ಕಂಡದ್ದು ಅದೇ ಕೊನೆ. ಮುಂದಿನ ಮಳೆಗಾಲದಲ್ಲಿ ಕಾಮಾಲೆ ಆಕೆಯನ್ನು ಒಯ್ದಿತು. ಸುದ್ದಿ ಬಂದು, ಬಸ್ಸು ಬದಲಿಸಿ ಬದಲಿಸಿ ನಾನು ಮಿಶ್ರಿಕೋಟಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಜ್ಜಿ ಕಟ್ಟೆಯ ಮೇಲೆ ಬೀಗದ ಕೈಗಳ ಗೊಂಚಲನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. "ಉಡಿ ತುಂಬಿ ಕಳಸೀವಿ" ಎಂದಷ್ಟೇ ಹೇಳಿದಳು, ಆಮೇಲೆ ನನ್ನ ಕೈ ಬಿಡಲಿಲ್ಲ.

ಸ್ಕ್ರೂಡ್ರೈವರ್ ನನ್ನ ಬಳಿ ಇದೆ. ಶಾಲೆಯ ಗಂಟೆ, ಅಲುಗಾಡುವ ಬೆಂಚು, ಗಡಿಯಾರ ಯಾವುದು ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ಒಮ್ಮೆ ಹೆಡ್‌ಮಾಸ್ತರರು ನಗುತ್ತ, "ಎಲ್ಲಿ ಕಲ್ತೀರಿ ಬಾಯಾರ ಇದನ್ನ? ನಿಮ್ಮದು ಯಾರ ಮನೀರಿ?" ಎಂದು ಕೇಳಿದರು.

"ನಾವು ಗುಜರಿ ಗಿರಿಜವ್ವನ ಮನಿಯವ್ರಿ" ಎಂದೆ.