ಪಕ್ಕದ ಕೋಣೆಯಿಂದ ವಿಡಿಯೋ ಕಾಲ್

ಪೀಣ್ಯದಲ್ಲಿ ಗ್ರಿಲ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ಕು. ಬರುವವರೆಲ್ಲ ಸುತ್ತಲಿನ ಗಾರ್ಮೆಂಟ್ಸ್, ಲೇತ್ ಶೆಡ್ಡುಗಳ ಕೆಲಸಗಾರರು. ಅವರ ಕಂಪನಿಗಳು ಮಾಡಿಸಿದ್ದ ವಿಮೆಯ ನಿಯಮ ಕಳೆದ ವರ್ಷ ಬದಲಾಯಿತು. ಜ್ವರ, ಸುಸ್ತು ಅಂತ ಡಾಕ್ಟರ ಎದುರು ಬಂದು ಕೂತರೆ ವಿಮೆ ಇಲ್ಲ. ವಿಡಿಯೋದಲ್ಲಿ ತೋರಿಸಿಕೊಂಡರೆ ಉಂಟು. ಈ ಬುದ್ಧಿ ಯಾವ ಪುಣ್ಯಾತ್ಮನ ತಲೆಯಲ್ಲಿ ಹೊಳೆಯಿತೋ, ಆ ತಲೆಯನ್ನು ಒಮ್ಮೆ ಕೈಯಾರೆ ಮುಟ್ಟಿ ಪರೀಕ್ಷಿಸಬೇಕೆಂಬ ಆಸೆ ನನಗಿದೆ.

ನಮ್ಮನ್ನು ತಯಾರು ಮಾಡಲು ವಿಮೆಯವರು ಒಬ್ಬ ಟ್ರೈನರನ್ನು ಕಳಿಸಿದರು. ಮಹಾಶಯ ಬಂದವನೇ ನನ್ನ ಕುರ್ಚಿಯ ಹಿಂದೆ ನೀಲಿ ಪರದೆ ಕಟ್ಟಿಸಿದ.

"ಮೇಡಂ, ಪೇಶೆಂಟ್ ಫೇಸು ಬ್ರೈಟಾಗಿ ಕಾಣ್ಬೇಕು. ಇಲ್ಲಾಂದ್ರೆ ಕ್ಲೇಮ್ ರಿಜೆಕ್ಟ್ ಆಗ್ಬಿಡತ್ತೆ."

ನನ್ನ ರೋಗಿಗಳಿರುವುದು ಕತ್ತಲೆಯ ಶೀಟ್ ಮನೆಗಳಲ್ಲಿ, ಅಲ್ಲಿ ಸಿಗ್ನಲ್ಲೂ ಸಿಗುವುದಿಲ್ಲ ಎಂದೆ. ಅವನೇನು ಸಾಮಾನ್ಯನೇ! ನಮ್ಮ ಇಂಜೆಕ್ಷನ್ ಕೋಣೆಯಲ್ಲೇ ಒಂದು ಫೋನು, ಒಂದು ದುಂಡನೆಯ ಲೈಟು ಇಡಿಸಿದ. ಅಂದರೆ ರೋಗಿ ಮೆಟ್ಟಿಲು ಹತ್ತಿ ನನ್ನ ಕ್ಲಿನಿಕ್ಕಿಗೇ ಬಂದು, ಪಕ್ಕದ ಕೋಣೆಯಲ್ಲಿ ಕೂತು, ಗೋಡೆಯ ಈಚೆಗಿರುವ ನನಗೆ ವಿಡಿಯೋ ಕಾಲ್ ಮಾಡಬೇಕು.

"ಪಕ್ಕದ ರೂಮ್ ಬೇಡ ಅಂತ ರೂಲ್ಸಲ್ಲಿ ಎಲ್ಲೂ ಇಲ್ಲ ಮೇಡಂ" ಎಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಮ್ಮ ನರ್ಸ್ ಪಾಪ ಎಲ್ಲರಿಗೂ ಹೇಳತೊಡಗಿದಳು: "ಮುಖ ಚೆನ್ನಾಗಿ ಕಾಣ್ಬೇಕಂತೆ ಕಣ್ರೀ, ರೆಡಿಯಾಗಿ ಬನ್ನಿ." ಅವರೂ ರೆಡಿಯಾಗಿಯೇ ಬಂದರು. ಕ್ಯಾಮೆರಾ ಅಂದಮೇಲೆ ಫೋಟೋ ತಾನೇ? ಜ್ವರದಲ್ಲಿ ನಡುಗುತ್ತಿದ್ದ ಗಂಡಸರು ತಲೆ ಬಾಚಿಕೊಂಡು ಬಂದರೆ, ಹೆಂಗಸರು ಪೌಡರ್ ಬಳಿದು, ಹೂ ಮುಡಿದು ಬಂದರು. ಮದುವೆ ಮನೆಯಲ್ಲಿ ರೋಗ ಹುಡುಕುವುದೇ ನನ್ನ ಕೆಲಸವಾಯಿತು.

ಒಂದು ಮಧ್ಯಾಹ್ನ ರಾಯಚೂರು ಕಡೆಯ ಹೆಂಗಸೊಬ್ಬಳು, ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು, ನನ್ನ ತೆರೆಯ ಮೇಲೆ ಬಂದಳು. ಆ ಲೈಟಿನಲ್ಲಿ ಮುಖ ಥಳಥಳ, ತುಟಿ ಕೆಂಪಗೆ.

"ಸ್ವಲ್ಪ ಸುಸ್ತ್ ಅದರಿ ಮೇಡಂ, ಟಾನಿಕ್ ಬರದ್ ಕೊಡ್ರಿ."

ಬರೆಯಲು ಪೆನ್ನೆತ್ತಿದ್ದೆ. ಗೋಡೆಯಾಚೆಯಿಂದ ಏದುಸಿರು ಕೇಳಿಸಿತು. ಅವಳು ಮೆಟ್ಟಿಲು ಹತ್ತಿ ಬಂದು ಬಹಳ ಹೊತ್ತಾಗಿದ್ದರೂ ಉಸಿರು ಹತೋಟಿಗೆ ಬಂದಿರಲಿಲ್ಲ. ಫೋನಿನಲ್ಲಿ ಅದು ಒಂಚೂರೂ ಕೇಳುತ್ತಿರಲಿಲ್ಲ. ಮಾತಲ್ಲದ ಸದ್ದನ್ನೆಲ್ಲ ಆ ಆಪ್ ಅಳಿಸಿಹಾಕುತ್ತದಂತೆ, ಅದೊಂದು ಹೆಗ್ಗಳಿಕೆ ಬೇರೆ.

ಕುರ್ಚಿ ತಳ್ಳಿ ಎದ್ದು ಪಕ್ಕದ ಕೋಣೆಗೆ ಹೋದೆ. ಅವಳ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಸುಣ್ಣದಂತೆ ಬಿಳಿ. ನರ್ಸ್ ಹತ್ತಿಯಿಂದ ತುಟಿ ಒರೆಸಿದಳು. ಕೆಂಪೆಲ್ಲ ಹತ್ತಿಗೆ ಬಂತು. ಕೇಳಿದರೆ, ಮುಟ್ಟು ನಿಂತೇ ಇಲ್ಲವಂತೆ, ತಿಂಗಳಾಯಿತಂತೆ.

"ಯಾಕಮ್ಮಾ ಹೇಳಲಿಲ್ಲ?"

"ಫೋನ್‌ನ್ಯಾಗ ಹೆಂಗ್ ಹೇಳ್ಲಿರಿ? ಆ ಕಡಿ ಯಾರ್ಯಾರು ಕೇಳ್ತಿರ್ತಾರೋ."

ಸಿಟ್ಟು ನೆತ್ತಿಗೇರಿತು, ಅವಳ ಮೇಲಲ್ಲ. ನರ್ಸನ್ನು ಜೊತೆಮಾಡಿ ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದೆ. ಅಂದೇ ರಕ್ತ ಕೊಟ್ಟರು. ಇನ್ನೂ ತಡವಾಗಿದ್ದರೆ ಜೀವ ಉಳಿಯುವುದು ಕಷ್ಟವಿತ್ತು ಎಂದರಂತೆ ಅಲ್ಲಿನ ಡಾಕ್ಟರು.

ಕೆಲವು ದಿನಗಳ ನಂತರ ಟ್ರೈನರ್ ಫೋನ್ ಮಾಡಿದ.

"ಮೇಡಂ, ಆ ಗಾರ್ಮೆಂಟ್ಸ್ ಹೆಂಗಸಿನ ಕ್ಲೇಮ್ ರಿಜೆಕ್ಟ್ ಆಗಿದೆ, ನೀವು ಕಾಲ್ ಮಧ್ಯದಲ್ಲಿ ಎದ್ದೋಗ್ಬಿಟ್ಟಿದೀರ. ಆದ್ರೆ ರೆಕಾರ್ಡಿಂಗಲ್ಲಿ ಪಿಕ್ಚರ್ ಮಾತ್ರ ಸಕ್ಕತ್ತಾಗಿ ಬಂದಿದೆ. ಮುಖ ಎಷ್ಟು ಹೆಲ್ದಿಯಾಗಿ ಕಾಣ್ತಿದೆ! ಬೇರೆ ಕ್ಲಿನಿಕ್ಕೋರಿಗೆ ಟ್ರೈನಿಂಗಲ್ಲಿ ತೋರಿಸ್ಲಾ?"

"ತೋರಿಸಬೇಡಪ್ಪ. ಅವತ್ತು ಅವಳ ಮೈಯಲ್ಲಿ ಅರ್ಧ ರಕ್ತವೂ ಇರಲಿಲ್ಲ."

"ಅಯ್ಯೋ, ಅದೇನೂ ಕಾಣಲ್ಲ ಬಿಡಿ ಮೇಡಂ" ಎಂದ.